ರೇಡೋ, ಅನ್‌ರೇಡೋ?

ವೇಣುಗೋಪಾಲ್ ಒಂದು ಜೊತೆ ಚಪ್ಪಲಿ ಕೊಳ್ಳಬೇಕಾದರೂ ಹತ್ತು ಜನರನ್ನು ಕೇಳುವ ಮನುಷ್ಯ. ಹತ್ತೂ ಜನ ಒಂದೇ ಮಾತು ಹೇಳಿದರೆ ಅವನಿಗೆ ಅನುಮಾನ ಬರುತ್ತಿತ್ತು. ಹತ್ತು ಜನ ಹತ್ತು ಮಾತು ಹೇಳಿದರೆ ಹನ್ನೊಂದನೆಯವನನ್ನು ಹುಡುಕಿಕೊಂಡು ಹೋಗುತ್ತಿದ್ದ. ಅವನ ಮನೆಗೆ ಹೊಸ ಮಿಕ್ಸಿ ಬಂದದ್ದು ಹೀಗೆ ಏಳು ತಿಂಗಳ ಸಮಾಲೋಚನೆಯ ನಂತರ. ಆ ಏಳು ತಿಂಗಳೂ ಅವನ ಹೆಂಡತಿ ಪ್ರತಿಭಾ ಚಟ್ನಿಯನ್ನು ಒರಳಲ್ಲೇ ರುಬ್ಬಿದಳು. ಬಸವನಗುಡಿಯ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಅವನು ಸೂಪರಿಂಟೆಂಡೆಂಟ್. ಅಲ್ಲಿ ಮಾತ್ರ ಬಂದ ಕಡತವನ್ನು ಅಂದೇ ವಿಲೇವಾರಿ ಮಾಡುತ್ತಾನೆಂದು ಹೆಸರು ಪಡೆದಿದ್ದ. ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಅಲ್ಲಿ ತೀರ್ಮಾನ ಬೇರೆಯವರದು, ಸೀಲು ಮಾತ್ರ ಇವನದು.

ಇಂಥವನ ಬಾಯಿಂದ ಒಂದು ದಿನ, ಯಾರನ್ನೂ ಕೇಳದೆ, ಒಂದು ಮಾತು ಹೊರಬಿದ್ದುಬಿಟ್ಟಿತು.

ತ್ಯಾಗರಾಜನಗರದಲ್ಲಿ ಷಡ್ಡಕ ಚಿದಂಬರನ ಮೊಮ್ಮಗಳ ನಾಮಕರಣ. ವೇಣುಗೋಪಾಲನ ತಾಯಿ ವಿಶಾಲಮ್ಮ ತೊಟ್ಟಿಲ ಪದ ಹೇಳುತ್ತಿದ್ದರು. ಎಪ್ಪತ್ತೆಂಟು ವರ್ಷದ ವಿಶಾಲಮ್ಮನಿಗೆ ಸೋಬಾನೆ ಪದ, ಬೀಸೋ ಪದ, ತೊಟ್ಟಿಲ ಪದ ಎಲ್ಲ ಸೇರಿ ನೂರಕ್ಕೂ ಮೇಲೆ ಬಾಯಿಗೆ ಬರುತ್ತವೆ. ಯಾವುದೂ ಪುಸ್ತಕದಲ್ಲಿಲ್ಲ. ಮದುವೆ ಮುಂಜಿಗಳಲ್ಲಿ ಅವರು ಬಾಯಿ ತೆರೆದಾಗಲೆಲ್ಲ ಮಗ ಫೋನ್ ಹಿಡಿದು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ಬೇರೆ ಯಾವ ವಿಷಯದಲ್ಲೂ ಇಲ್ಲದ ಶ್ರದ್ಧೆ ಅವನಿಗೆ ಇದರಲ್ಲಿತ್ತು. ಅವತ್ತು ಮೂರನೇ ನುಡಿಯ ಹೊತ್ತಿಗೆ ಫೋನು ನಿಂತುಹೋಯಿತು. ಜಾಗ ಖಾಲಿಯಿಲ್ಲ ಎಂದು ಪರದೆಯ ಮೇಲೆ ಬಂತು.

ಚಿದಂಬರ ಎಲ್ಲರಿಗೂ ಕೇಳುವಂತೆ ನಕ್ಕ. "ಏನ್ ಭಾವ, ಇನ್ನೂ ಫೋನಲ್ಲೇ ತುಂಬಿಸ್ಕೊಂಡಿದೀರಾ? ನಾನೆಲ್ಲ ಕ್ಲೌಡಲ್ಲಿ ಇಟ್ಬಿಟ್ಟಿದೀನಪ್ಪ. ತಿಂಗಳು ತಿಂಗಳು ಕಟ್ತೀನಿ, ತಲೆನೋವಿಲ್ಲ."

ವೇಣುಗೋಪಾಲನಿಗೆ ರೋಷ ಬಂತು. ಅಂದು ಬೆಳಿಗ್ಗೆ ತಾನೇ ಫೋನಿನಲ್ಲಿ ಅರ್ಧ ನೋಡಿದ್ದ ಯಾವುದೋ ವಿಡಿಯೋದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು.

"ನಮ್ಮಮ್ಮನ ಪದ ಯಾರೋ ಪರದೇಶದವರ ಹತ್ರ ಯಾಕಪ್ಪಾ ಇರ್ಬೇಕು? ನಾನು ಮನೇಲೇ ಸರ್ವರ್ ಹಾಕ್ತಿದೀನಿ. ಯುಗಾದಿ ದಿನ ಎಲ್ಲಾರೂ ಬನ್ನಿ, ಟೀವೀಲಿ ಹಾಕಿ ತೋರಿಸ್ತೀನಿ."

ಪ್ರತಿಭಾ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು ಗಂಡನ ಮುಖ ನೋಡಿದಳು. ಯುಗಾದಿಗೆ ಇನ್ನು ಐದು ವಾರ ಇತ್ತು. ಮಿಕ್ಸಿಗೆ ಏಳು ತಿಂಗಳು ಹಿಡಿದಿತ್ತು.

ಮೊದಲ ವಾರ ಎಲ್ಲ ಸಲೀಸಾಗಿ ನಡೆಯಿತು. ಕಾಲೇಜಿನವರು ಹಳೆಯದೆಂದು ಹೊರಗಿಟ್ಟಿದ್ದ ಒಂದು ಕಂಪ್ಯೂಟರನ್ನು ಅರ್ಜಿ ಹಾಕಿ, ತಾನೇ ಸೀಲು ಒತ್ತಿ, ಮನೆಗೆ ತಂದು ಊಟದ ಮೇಜಿನ ಮೇಲೆ ಇಟ್ಟ. ಎಸ್.ಪಿ. ರೋಡಿಗೆ ಹೋಗಿ ಎರಡು ಡಿಸ್ಕು ಕೊಂಡುತಂದ. ಇನ್ನೇನು, ವೈರು ಸಿಕ್ಕಿಸಿದರೆ ಆಯಿತು ಎಂದುಕೊಂಡು, ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಯಶೋಧರಾ ಮೇಡಂ ಹತ್ತಿರ ಹೋಗಿ ಸುದ್ದಿ ಹೇಳಿದ.

ಯಶೋಧರಾಗೆ ನಲವತ್ತು ವರ್ಷ. ಹುಡುಗರು ಹಾಳು ಮಾಡಿದ ಮೆಷಿನ್ನುಗಳನ್ನು ಹದಿನೈದು ವರ್ಷದಿಂದ ರಿಪೇರಿ ಮಾಡಿ ಮಾಡಿ, ಮನುಷ್ಯರ ಜೊತೆಯೂ ಅಷ್ಟೇ ಚುಟುಕಾಗಿ ಮಾತಾಡುವ ಅಭ್ಯಾಸವಾಗಿತ್ತು.

"ಯಾವ ಓಎಸ್ ಹಾಕ್ತೀರಿ ಸರ್?"

"ಅದೂ ಹಾಕ್ಬೇಕಾ?"

"ಬರೀ ಡಿಸ್ಕು ಇಟ್ಕೊಂಡು ಏನ್ಮಾಡ್ತೀರಿ? ಯಾವ ಫೈಲು ಎಲ್ಲಿಡ್ಬೇಕು, ಯಾರು ಕೇಳಿದ್ರೆ ಕೊಡ್ಬೇಕು ಅಂತ ನೋಡ್ಕೊಳ್ಳೋಕೆ ಒಂದು ಆಪರೇಟಿಂಗ್ ಸಿಸ್ಟಮ್ ಬೇಕು. ಅದರಲ್ಲಿ ಬೇಕಾದಷ್ಟಿವೆ. ಮತ್ತೆ, ಎರಡು ಡಿಸ್ಕಿಗೂ ರೇಡ್ ಮಾಡ್ಬೇಕು."

"ರೇಡ್?"

"ಒಂದರಲ್ಲಿರೋದೇ ಇನ್ನೊಂದರಲ್ಲೂ ಇರೋ ಹಾಗೆ ಜೋಡಿಸೋದು. ಒಂದು ಕೆಟ್ಟೋದ್ರೂ ಇನ್ನೊಂದರಲ್ಲಿ ಅಮ್ಮನ ಹಾಡು ಉಳಿಯುತ್ತೆ. ಅದಕ್ಕೆ ರೇಡ್ ಅಂತಾರೆ. ಅದು ಬೇಡ ಅಂದ್ರೆ ಅನ್‌ರೇಡ್ ಅಂತಾನೇ ಇನ್ನೊಂದು ಓಎಸ್ ಇದೆ, ಅದರ ದಾರಿನೇ ಬೇರೆ, ದುಡ್ಡು ಕೊಟ್ಟು ತಗೋಬೇಕು. ಮಿಕ್ಕಿದ್ದು ಸುಮಾರು ಬಿಟ್ಟೀನೇ ಸಿಗುತ್ತೆ. ಯೋಚನೆ ಮಾಡಿ ಒಂದು ಹೇಳಿ, ಹಾಕ್ಕೊಡ್ತೀನಿ."

ಯೋಚನೆ ಮಾಡಿ ಹೇಳಿ ಎಂದು ವೇಣುಗೋಪಾಲನಿಗೆ ಹೇಳಿದ್ದೇ ಆ ಹೆಂಗಸು ತನ್ನ ಜೀವನದಲ್ಲಿ ಮಾಡಿದ ದೊಡ್ಡ ತಪ್ಪು.

ಅವನು ಎಸ್.ಪಿ. ರೋಡಿನ ಅಂಗಡಿಯವನನ್ನು ಕೇಳಿದ. ಅವನು ವಿಂಡೋಸ್ ಹಾಕಿ ಸುಮ್ಮನಿರಿ ಎಂದ. ಭೌತಶಾಸ್ತ್ರದ ಮೇಷ್ಟರನ್ನು ಕೇಳಿದ. ಅವರು ಉಬುಂಟು ಬಿಟ್ಟು ಬೇರೆ ಹಾಕುವವರು ಮನುಷ್ಯರೇ ಅಲ್ಲ ಎಂದರು. ಬಸ್ಸಿನಲ್ಲಿ ಪಕ್ಕ ಕೂತ, ಕುತ್ತಿಗೆಗೆ ಕಂಪನಿಯ ಕಾರ್ಡು ಹಾಕಿಕೊಂಡ ಅಪರಿಚಿತನನ್ನು ಕೇಳಿದ. ಅವನು ಟ್ರೂನ್ಯಾಸ್ ಎಂಬ ಮತ್ತೊಂದು ಓಎಸ್ ಬಗ್ಗೆ ಶುರುಮಾಡಿ, ತಾನು ಇಳಿಯಬೇಕಾದ ಸ್ಟಾಪು ದಾಟಿ, ವೇಣುಗೋಪಾಲ್ ಇಳಿಯಬೇಕಾದ ಸ್ಟಾಪನ್ನೂ ದಾಟಿಸಿ ಕೊರೆದ. ಇಂಟರ್ನೆಟ್ಟಿನಲ್ಲಿ ಕೇಳಿದ, ಅಲ್ಲಿ ಮೂವತ್ತೊಂದು ಜನ ಉತ್ತರ ಕೊಟ್ಟು, ಆಮೇಲೆ ಇವನನ್ನು ಮರೆತು ತಮ್ಮತಮ್ಮಲ್ಲೇ ಬೈದಾಡಿಕೊಂಡರು. ಎಲ್ಲವನ್ನೂ ಅವನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ನೋಟ್‌ಬುಕ್ಕು ಮುಗಿಯಿತು. ಇನ್ನೊಂದು ತಂದ.

ನಾಮಕರಣ ಕಳೆದು ಮೂರು ವಾರವಾಯಿತು. ಕಂಪ್ಯೂಟರಿನ ಕಪ್ಪು ಡಬ್ಬಿ ಮೇಜಿನ ಮೇಲೇ ಇತ್ತು. ಮನೆಯವರು ನೆಲದ ಮೇಲೆ ಕೂತು ಊಟ ಮಾಡುತ್ತಿದ್ದರು.

"ರೀ, ಹೆಣ್ಣು ನೋಡೋಕೆ ಬಂದಾಗ ನನ್ನನ್ನ ಎರಡೇ ನಿಮಿಷದಲ್ಲಿ ಒಪ್ಕೊಂಡ್ರಲ್ಲ, ಅದು ಹೇಗೆ?" ಎಂದು ಪ್ರತಿಭಾ ಒಂದು ದಿನ ಸಾರು ಬಡಿಸುತ್ತ ಕೇಳಿದಳು.

"ಆಗ ಆಯ್ಕೆ ಎಲ್ಲಿತ್ತು, ನೀನೊಬ್ಬಳೇ ಇದ್ದೆ," ಎಂದು ವೇಣುಗೋಪಾಲ್ ಪ್ರಾಮಾಣಿಕವಾಗಿ ಉತ್ತರಿಸಿದ. ಆ ಸಂಜೆ ಅವನಿಗೆ ಪಲ್ಯ ಸಿಗಲಿಲ್ಲ.

ಇಷ್ಟರ ಮೇಲೆ ಮನೆಯ ಚಿಂತೆ ಬೇರೆ. ಅವರು ಇದ್ದದ್ದು ಬಾಡಿಗೆಗೆ, ಗಾಂಧಿ ಬಜಾರಿಗೆ ಎರಡು ಅಡ್ಡರಸ್ತೆ ಆಚೆ, ಹಳೆಯ ಮನೆಯ ಕೆಳಗಿನ ಭಾಗದಲ್ಲಿ. ಮೇಲೆ ಓನರ್ ಶಿವಲಿಂಗಯ್ಯನವರು, ಅವರ ಹೆಂಡತಿ ಸಿದ್ದಮ್ಮ. ಶಿವಲಿಂಗಯ್ಯನವರು ಸರ್ಕಾರದ ಒಂದು ಇಲಾಖೆಯಲ್ಲಿದ್ದು ನಿವೃತ್ತರಾದವರು. ಯಾವ ಇಲಾಖೆ ಎಂದು ಹೇಳುವುದು ಬೇಡ; ಸಂಬಳಕ್ಕಿಂತ ಸಂಜೆಯ ಕವರು ಹೆಚ್ಚು ಮುಖ್ಯವಾದ ಹುದ್ದೆ ಎಂದರೆ ಸಾಕು. ಯುಗಾದಿ ಕಳೆದ ಮೇಲೆ ಮನೆ ಖಾಲಿ ಮಾಡಬೇಕು, ಒಡೆದು ಹೆಣ್ಣುಮಕ್ಕಳ ಪೀಜಿ ಕಟ್ಟಿಸುತ್ತೇನೆ ಎಂದು ಅವರು ಎರಡು ತಿಂಗಳ ಹಿಂದೆಯೇ ಹೇಳಿಯಾಗಿತ್ತು. ಹತ್ತೊಂಬತ್ತು ವರ್ಷದಿಂದ ಇದ್ದೇವೆ, ಅಮ್ಮನಿಗೆ ವಯಸ್ಸಾಗಿದೆ, ಒಂದು ವರ್ಷ ಟೈಮ್ ಕೊಡಿ ಎಂದು ವೇಣುಗೋಪಾಲ್ ಬೇಡಿಕೊಂಡ. "ನೋಡ್ರೀ ವೇಣುಗೋಪಾಲ್, ನಾನು ಒಂದ್ಸಲ ಆರ್ಡರ್ ಮಾಡಿದ್ರೆ ಆಯ್ತು," ಎಂದು ಅವರು ಬಾಗಿಲು ಹಾಕಿಕೊಂಡರು. ಬಚ್ಚಲ ನಲ್ಲಿ ಸೋರುತ್ತಿದ್ದರೂ, ಹೇಗೂ ಒಡೆಯುವ ಮನೆಯೆಂದು ರಿಪೇರಿ ಮಾಡಿಸಲಿಲ್ಲ.

ಆ ಮನೆಯ ಒಳಗೆ ಫೋನಿನ ಸಿಗ್ನಲ್ ಬರುವುದಿಲ್ಲ. ಕಾಂಪೌಂಡಿನಲ್ಲಿ ನೀರಿನ ಸಂಪಿನ ಮುಚ್ಚಳದ ಮೇಲೆ ನಿಂತರೆ ಮಾತ್ರ ಸಿಗುತ್ತದೆ. ಸಂಪಿಗೆ ಸರಿಯಾಗಿ ಮೇಲೆ ಶಿವಲಿಂಗಯ್ಯನವರ ಬಾಲ್ಕನಿ. ಅಲ್ಲಿ ಅವರು ಬೆಳಿಗ್ಗೆ ಏಳಕ್ಕೆ ಮಣೆ ಹಾಕಿಕೊಂಡು ಮೂಗು ಹಿಡಿದು ಪ್ರಾಣಾಯಾಮ ಮಾಡುತ್ತಾರೆ.

ಯುಗಾದಿಗೆ ಎರಡು ವಾರ ಇರುವಾಗ, ಒಂದು ಸೋಮವಾರ ಬೆಳಿಗ್ಗೆ, ವೇಣುಗೋಪಾಲ್ ಸಂಪಿನ ಮೇಲೆ ನಿಂತು ಯಶೋಧರಾಗೆ ಫೋನ್ ಮಾಡಿದ. ಮೇಲೆ ಶಿವಲಿಂಗಯ್ಯನವರು ಬಲ ಮೂಗಿನಿಂದ ಎಡ ಮೂಗಿಗೆ ಬದಲಾಯಿಸುತ್ತಿದ್ದರು. ಅವರ ಕಿವಿಗೆ ಬಿದ್ದದ್ದು ಇಷ್ಟು:

"ಹಲೋ ಮೇಡಂ! ಹೌದು, ರೇಡ್ ವಿಷಯಾನೇ... ಇಲ್ಲ ಮೇಡಂ, ರೇಡ್ ಮಾಡೋದಾ, ಅನ್‌ರೇಡ್ ಮಾಡೋದಾ ಅಂತ ಇನ್ನೂ ತೀರ್ಮಾನ ಆಗಿಲ್ಲ. ಅದು ನನ್ನ ಕೈಲೇ ಇದೆ ಅನ್ನಿ... ರೇಡ್ ಆದ್ರೆ ಖರ್ಚಿಲ್ಲ, ಅನ್‌ರೇಡ್ ಅಂದ್ರೆ ದುಡ್ಡು ಕೊಡ್ಬೇಕು, ಅದೇ ನೋಡ್ತಿದೀನಿ... ಹೌದಾ? ಒಂದ್ಸಲ ಕೊಟ್ಬಿಟ್ರೆ ಜೀವನಪೂರ್ತಿ ತೊಂದರೆ ಇಲ್ವಾ?... ಓ, ಮೊದಲು ಮೂವತ್ತು ದಿನ ಟ್ರಯಲ್ ಇರುತ್ತಾ?... ಸರಿ ಮೇಡಂ, ಬರೋ ಭಾನುವಾರ ಬೆಳಿಗ್ಗೇನೇ ಬಂದ್ಬಿಡಿ. ಶಿವಲಿಂಗಯ್ಯನವರ ಮನೆ ಅಂದ್ರೆ ಯಾರಾದ್ರೂ ತೋರಿಸ್ತಾರೆ... ಹತ್ತೊಂಬತ್ತು ವರ್ಷದ್ದು ಎಲ್ಲಾ ಇದೆ ಮೇಡಂ, ಒಂದೂ ಬಿಡಬಾರ್ದು, ಪೂರ್ತಿ ಹೊರಗೆ ತೆಗೀಬೇಕು."

ಹಳೆಯ ಫೋನುಗಳಲ್ಲಿ ಉಳಿದ ಫೋಟೋಗಳ ಬಗ್ಗೆ ಅವನು ಹೇಳಿದ್ದು. ಮೇಲೆ ಶಿವಲಿಂಗಯ್ಯನವರ ಎಡ ಮೂಗಿಗೆ ಹೋದ ಉಸಿರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಅಂದು ಮಧ್ಯಾಹ್ನವೇ ಪ್ಲಂಬರ್ ಬಂದು ಬಚ್ಚಲ ನಲ್ಲಿ ಬದಲಾಯಿಸಿದ. ಮಂಗಳವಾರ ಸಿದ್ದಮ್ಮನವರ ಕೈಯಲ್ಲಿ ಒಂದು ಡಬ್ಬಿ ಒಬ್ಬಟ್ಟು ಬಂತು. "ಯಾಕೆ ಅಂತ ನಂಗೂ ಗೊತ್ತಿಲ್ಲ ಕಣಮ್ಮ," ಎಂದು ಅವರೇ ಗೊಣಗಿದರು. "ಹಬ್ಬಕ್ಕೆ ಮುಂಚೆ ಮಾಡು, ತುಪ್ಪ ಜಾಸ್ತಿ ಹಾಕು ಅಂತ ಕೂತಿದಾರೆ ನಮ್ಮನೆಯವರು. ನಂಗೇ ಇವತ್ತಿನವರೆಗೂ ಹಾಗೆ ಹೇಳಿದವರಲ್ಲ." ಬುಧವಾರ ವೇಣುಗೋಪಾಲನ ಸ್ಕೂಟರನ್ನು ಯಾರೋ ತೊಳೆದು ನಿಲ್ಲಿಸಿದ್ದರು. ಬೀದಿಯ ಕೊನೆಯ ಇಸ್ತ್ರಿ ಬೈರಯ್ಯ ಗಾಡಿ ಬಿಟ್ಟು ಓಡಿ ಬಂದು ಕೈಮುಗಿದ. ಶಿವಲಿಂಗಯ್ಯನವರು ಗುಟ್ಟಾಗಿರಲಿ ಎಂದು ಒಬ್ಬರಿಗೇ ಹೇಳಿದ್ದರು. ಆ ಒಬ್ಬರು ಇಸ್ತ್ರಿಗೆ ಬಟ್ಟೆ ಕೊಡಲು ಹೋಗಿದ್ದರು.

"ಅಣ್ಣಾ, ನಮ್ಮ ಕಡೆಗೂ ಬರ್ತಾರಾ? ಗಾಡಿ ಅರ್ಧ ಫುಟ್‌ಪಾತ್ ಮೇಲಿದೆ. ಬೇಕಾದ್ರೆ ಈಗ್ಲೇ ಹಿಂದಕ್ಕೆ ತಗೋತೀನಿ."

"ಯಾರು ಬರ್ತಾರೋ?"

"ಹೇಳ್ಬೇಡಿ ಅಣ್ಣ, ಹೇಳ್ಬೇಡಿ. ನೀವು ಹೇಳಲ್ಲ ಅಂತ ಗೊತ್ತು," ಎಂದು ಬೈರಯ್ಯ ಇನ್ನೊಮ್ಮೆ ಕೈಮುಗಿದ. ನಾಲ್ಕು ಶರಟಿಗೆ ಏನೂ ತೆಗೆದುಕೊಳ್ಳಲಿಲ್ಲ.

ವೇಣುಗೋಪಾಲನಿಗೆ ಇದಾವುದರ ಕಡೆಗೂ ಗಮನವಿರಲಿಲ್ಲ. ಅವನ ತಲೆಯಲ್ಲಿ ಉಬುಂಟು ಮತ್ತು ನೋಟ್‌ಬುಕ್ಕಿಗೆ ಹೊಸದಾಗಿ ಸೇರಿದ ಡೆಬಿಯನ್ ಕುಸ್ತಿಯಾಡುತ್ತಿದ್ದವು. ಗುರುವಾರ ಸಂಜೆ ಶಿವಲಿಂಗಯ್ಯನವರು ಸ್ವತಃ ಇಳಿದು ಬಂದು, ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಮೇಜಿನ ಮೇಲಿನ ಕಪ್ಪು ಡಬ್ಬಿಯನ್ನು ಹಾವನ್ನು ನೋಡುವಂತೆ ನೋಡಿದರು.

"ವೇಣುಗೋಪಾಲ್ ಸಾರ್, ತೀರ್ಮಾನ ಏನಾಯ್ತು? ರೇಡೋ, ಅನ್‌ರೇಡೋ?"

ವೇಣುಗೋಪಾಲನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಈ ಮೂರು ವಾರದಲ್ಲಿ ಅವನೇ ಎಲ್ಲರನ್ನೂ ಕೇಳುತ್ತಿದ್ದನೇ ಹೊರತು, ಅವನನ್ನು ಯಾರೂ ಕೇಳಿರಲಿಲ್ಲ.

"ಕೂತ್ಕೊಳ್ಳಿ ಸಾರ್, ಕೂತ್ಕೊಳ್ಳಿ! ನಿಮಗೆ ಇದರಲ್ಲಿ ಆಸಕ್ತಿ ಇದೆ ಅಂತ ಗೊತ್ತೇ ಇರಲಿಲ್ಲ. ಮೇಡಂ ಪ್ರಕಾರ ರೇಡೇ ಒಳ್ಳೇದು."

"ಮೇಡಂ ಹೇಗೆ? ಏನಾದ್ರೂ ಮಾತಾಡ್ಬಹುದಾ ಅವರ ಹತ್ರ?"

"ತುಂಬ ಸ್ಟ್ರಿಕ್ಟು ಸಾರ್. ಯಾರ ಮಾತೂ ಕೇಳಲ್ಲ. ಹದಿನೈದು ವರ್ಷದಿಂದ ಇದೇ ಕೆಲಸ."

ಶಿವಲಿಂಗಯ್ಯನವರು ಪಂಚೆಯ ತುದಿಯಿಂದ ಹಣೆ ಒರೆಸಿಕೊಂಡರು. "ಅನ್‌ರೇಡ್ ಮಾಡಿಸ್ಬಿಡಿ ಸಾರ್. ದುಡ್ಡು ನಾನು ಕೊಡ್ತೀನಿ."

"ಛೆ ಛೆ, ನೀವ್ಯಾಕೆ ಕೊಡ್ತೀರಿ?"

"ನನ್ನ ಮನೇಲಲ್ವಾ ಸಾರ್ ಆಗೋದು!"

ಈ ಔದಾರ್ಯಕ್ಕೆ ವೇಣುಗೋಪಾಲ್ ಕರಗಿಹೋದ. "ದುಡ್ಡಿನ ಪ್ರಶ್ನೆ ಅಲ್ಲ ಸಾರ್. ಎಷ್ಟಿದೆ ಅನ್ನೋದರ ಮೇಲೆ ಅವರ ರೇಟು. ಇಲ್ಲಿ ಇರೋದು ಎರಡೇ ತಾನೇ? ಎರಡಕ್ಕೋಸ್ಕರ ಅನ್‌ರೇಡ್ ದಂಡ."

"ಎರಡು ಅಂತ... ಎರಡೂ ಗೊತ್ತಾಗಿದೆಯಾ ಅವರಿಗೆ?"

"ಮೇಡಮ್ಮೇ ಹೇಳಿದ್ದು ಸಾರ್ ಎರಡು ಅಂತ. ಒಂದರಲ್ಲಿರೋದು ಇನ್ನೊಂದರಲ್ಲಿದೆಯಾ ಅಂತ ಮೊದಲು ತಾಳೆ ನೋಡ್ತಾರಂತೆ."

ಶಿವಲಿಂಗಯ್ಯನವರಿಗೆ ಕೆಂಗೇರಿಯ ಆಚೆ ಒಂದು, ನೆಲಮಂಗಲದ ದಾರಿಯಲ್ಲಿ ಒಂದು, ಹೀಗೆ ಸರಿಯಾಗಿ ಎರಡು ಸೈಟು ಇದ್ದವು. ಅವರು ಕುರ್ಚಿಯಿಂದ ಎದ್ದು, ಮತ್ತೆ ಕೂತು, ಮತ್ತೆ ಎದ್ದರು.

"ನೀವು ಮನೆ ಖಾಲಿ ಮಾಡೋದೇನೂ ಬೇಡ ಸಾರ್. ಎಷ್ಟು ವರ್ಷ ಬೇಕಾದ್ರೂ ಇರಿ. ಬರ್ಕೊಡ್ತೀನಿ." ಹೇಳಿದ್ದಷ್ಟೇ ಅಲ್ಲ, ಜೇಬಿನಿಂದ ಕಾಗದ ತೆಗೆದು ಅಲ್ಲೇ ಬರೆದು ಸಹಿ ಹಾಕಿದರು. ಡಬ್ಬಿಯ ಮೇಲೆ ಕಾಗದ ಇಟ್ಟು ಬರೆಯಲು ಹೋಗಿ, ಹೆದರಿ, ಗೋಡೆಗೆ ಒತ್ತಿಹಿಡಿದು ಬರೆದರು.

ಅವರು ಹೋದ ಮೇಲೆ ಅಡುಗೆಮನೆಯಿಂದ ಬಂದ ಪ್ರತಿಭಾ ಕಾಗದವನ್ನು ಎರಡು ಸಲ ಓದಿದಳು. "ಇದೇನ್ರೀ ಇದು? ಏನು ಮಾಡಿದ್ರಿ ಅವರಿಗೆ?"

"ಓಎಸ್ ಬಗ್ಗೆ ಮಾತಾಡಿದ್ವಿ ಕಣೆ. ತುಂಬ ತಿಳ್ಕೊಂಡಿದಾರೆ ಮನುಷ್ಯ. ನಾವೇ ಅವರನ್ನ ತಪ್ಪು ತಿಳ್ಕೊಂಡಿದ್ವಿ."

ಶನಿವಾರ ಶಿವಲಿಂಗಯ್ಯನವರು ಒಂದು ಕಬ್ಬಿಣದ ಟ್ರಂಕನ್ನು ಏದುಸಿರು ಬಿಡುತ್ತ ಕೆಳಗೆ ತಂದರು. ಮೇಲೆ ಸುಣ್ಣ ಬಣ್ಣ ಮಾಡಿಸುತ್ತಿದ್ದೇನೆ, ಎರಡು ದಿನ ನಿಮ್ಮಲ್ಲಿರಲಿ ಎಂದರು. "ನಿಮ್ಮನೆ ಯಾರು ನೋಡ್ತಾರೆ ಸಾರ್," ಎಂದು ಸೇರಿಸಿ ಕಣ್ಣು ಮಿಟುಕಿಸಿದರು. ಟ್ರಂಕು ಮಂಚದ ಕೆಳಗೆ ಹೋಯಿತು, ಆದರೆ ಪೂರ್ತಿ ಹೋಗಲಿಲ್ಲ. ಊಟದ ಮೇಜು ಡಬ್ಬಿಗೆ, ಮಂಚದ ಕೆಳಗಿನ ಜಾಗ ಟ್ರಂಕಿಗೆ, ಕಸ ಗುಡಿಸುವ ಪೊರಕೆ ಮಾತ್ರ ತನಗೆ ಎಂದು ಪ್ರತಿಭಾ ಕೂಗಾಡಿದಳು. ವಿಶಾಲಮ್ಮ ಮಾತ್ರ ಹೊರಗೆ ಚಾಚಿದ ಟ್ರಂಕಿನ ಮೇಲೆ ಕೂತು, ಎತ್ತರ ಹದವಾಗಿದೆ, ಮಂಡಿಗೆ ನೋವಾಗಲ್ಲ ಎಂದು ಅಲ್ಲೇ ಅವರೆಕಾಯಿ ಬಿಡಿಸಿದರು.

"ಅದೇನ್ ಸರ್ವರ್ರೋ ಮಗಾ," ಎಂದರು ಮಗನಿಗೆ. "ನನ್ನ ಪದ ನಿಂಗೆ ಬೇಕು ಅಂದ್ರೆ ಕೂತ್ಕೊಂಡು ಕಲ್ತ್ಕೊಬಾರ್ದಾ? ಇಷ್ಟೊತ್ತಿಗೆ ಐವತ್ತು ಬಂದಿರೋದು ಬಾಯಿಗೆ."

ವೇಣುಗೋಪಾಲ್ ನೋಟ್‌ಬುಕ್ ತೆರೆದ.

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಗೇಟಿನ ಮುಂದೆ ಬಿಳಿಯ ಜೀಪಿನಂಥ ಕಾರು ಬಂದು ನಿಂತಿತು. ಅದು ಲ್ಯಾಬಿನಲ್ಲಿ ಯಶೋಧರಾಗೆ ಜೊತೆಯಾಗಿದ್ದ ನಂದೀಶನ ಮಾವನ ಕಾರು. ಹತ್ತಕ್ಕೆ ಇಬ್ಬರಿಗೂ ಯಾವುದೋ ಪರೀಕ್ಷೆಯ ಡ್ಯೂಟಿ ಇದ್ದುದರಿಂದ ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡಿದ್ದರು. ಕೈಯಲ್ಲಿ ಲ್ಯಾಪ್‌ಟಾಪಿನ ಚೀಲಗಳು. ರಸ್ತೆಯ ಕೊನೆಯಲ್ಲಿ ಬೈರಯ್ಯ ಗಾಡಿಯನ್ನು ದಬ್ಬಿಕೊಂಡು ಮಾಯವಾದ. ಕಾರಿನಿಂದ ಇಳಿದ ಯಶೋಧರಾ, ಗೇಟಿನಲ್ಲಿ ನಿಂತು ಗಟ್ಟಿಯಾಗಿ ಕೇಳಿದಳು.

"ಶಿವಲಿಂಗಯ್ಯನವರ ಮನೆ ಇದೇನಾ?"

ಮೆಟ್ಟಿಲ ಬುಡದಲ್ಲಿ ಶಿವಲಿಂಗಯ್ಯನವರು ಆಗಲೇ ಸ್ನಾನ ಮಾಡಿ, ವಿಭೂತಿ ಇಟ್ಟು, ಬಿಳಿ ಪಂಚೆ ಉಟ್ಟು, ಎಲ್ಲಿಗೆ ಕರೆದುಕೊಂಡು ಹೋದರೂ ಹೋಗುವವರಂತೆ ನಿಂತಿದ್ದರು.

"ನಾನೇ ಮೇಡಂ."

"ಎಲ್ಲಿದೆ ಅದು?"

"ಕೆಳಗಿನ ಮನೇಲಿ ಮೇಡಂ. ಮಂಚದ ಕೆಳಗೆ."

"ಮಂಚದ ಕೆಳಗೆ ಯಾಕಿಟ್ರು? ಅದಕ್ಕೆ ಗಾಳಿ ಆಡ್ಬೇಕು," ಎಂದು ಯಶೋಧರಾ ಸಿಡುಕಿದಳು. "ನೋಡೋಣ, ತೆಗೀರಿ ಹೊರಗೆ."

ಅಲ್ಲಿಗೆ ಶಿವಲಿಂಗಯ್ಯನವರ ಧೈರ್ಯ ಮುಗಿಯಿತು. ಅವರು ಒಳಗೆ ನುಗ್ಗಿ, ಬಾಗಿಲಿಗೆ ಬಂದ ವೇಣುಗೋಪಾಲನನ್ನು ಪಕ್ಕಕ್ಕೆ ಸರಿಸಿ, ಅಮ್ಮಾ ಸ್ವಲ್ಪ ಏಳಿ ಎಂದು ವಿಶಾಲಮ್ಮನನ್ನು ಟ್ರಂಕಿನ ಮೇಲಿಂದ ಎಬ್ಬಿಸಿ, ಅದನ್ನು ಕರಕರ ಎಳೆದು ಹಾಲಿನ ಮಧ್ಯೆ ತಂದು ಮುಚ್ಚಳ ತೆರೆದರು. ಒಳಗೆ ಪ್ಲಾಸ್ಟಿಕ್ ಕವರುಗಳಲ್ಲಿ ಕಾಗದ ಪತ್ರಗಳು, ಒಂದು ಬೆಳ್ಳಿಯ ತಟ್ಟೆ, ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು.

"ಎಲ್ಲಾ ನಾನೇ ತೋರಿಸ್ತೀನಿ ಮೇಡಂ, ಮುಚ್ಚಿಡಲ್ಲ. ಇದು ಕೆಂಗೇರಿದು. ಇದು ನೆಲಮಂಗಲದ್ದು. ಇದೇನೋ ಒಂದು ಚೂರು ಬಂಗಾರ, ಹಬ್ಬಕ್ಕೆ ಅವರಿವರು ಪ್ರೀತಿಯಿಂದ ಕೊಟ್ಟಿದ್ದು, ನಾನು ಬೇಡ ಅಂದೆ. ಮೇಲಿನ ಫ್ಲೋರಿಗೆ ಪ್ಲಾನ್ ಸ್ಯಾಂಕ್ಷನ್ ಇಲ್ಲ, ಅದೂ ನಿಜ. ವಯಸ್ಸಾಗಿದೆ ಮೇಡಂ, ಬೀಪಿ ಇದೆ. ವೇಣುಗೋಪಾಲ್ ಸಾರ್, ನೀವಾದ್ರೂ ಒಂದು ಮಾತು ಹೇಳಿ!"

ನಂದೀಶ ಮೇಜಿನ ಮೇಲಿದ್ದ ಕಪ್ಪು ಡಬ್ಬಿಯನ್ನು ನೋಡಿ, ಇದು ಇಲ್ಲಿದೆ ಮೇಡಂ ಎಂದು ಮೆಲ್ಲಗೆ ಹೇಳಿದ. ಯಶೋಧರಾಳ ಕೈಗೆ ಶಿವಲಿಂಗಯ್ಯನವರು ಒಂದು ಪತ್ರ ತುರುಕಿದ್ದರು. ಅವಳು ಏನಿದು ಎಂದು ಅದನ್ನು ಜೋರಾಗಿ ಓದಿದಳು.

"ಶ್ರೀಮತಿ ಸಿದ್ದಮ್ಮ ಕೋಂ ಶಿವಲಿಂಗಯ್ಯ, ವಾಸ ಬಸವನಗುಡಿ..."

"ಯಾರದು ನನ್ನ ಹೆಸರು ಕರೆದಿದ್ದು?" ಎಂದು ಕಾಫಿಯ ತಟ್ಟೆ ಹಿಡಿದು ಸಿದ್ದಮ್ಮ ಬಾಗಿಲಲ್ಲಿ ನಿಂತಿದ್ದರು. ಮನೆಗೆ ದೊಡ್ಡ ಆಫೀಸರು ಬರುತ್ತಾರೆ, ಎಂಟೂವರೆಗೆ ಕಾಫಿ ತಾ ಎಂದು ಗಂಡನೇ ಹೇಳಿದ್ದರು.

"ನೀನು ಮೇಲಕ್ಕೆ ಹೋಗು," ಎಂದರು ಶಿವಲಿಂಗಯ್ಯ.

"ಸರ್, ಒಂದು ನಿಮಿಷ," ಎಂದಳು ಯಶೋಧರಾ. "ನೀವು ಯಾರು ಅಂದ್ಕೊಂಡಿದೀರಿ ನಮ್ಮನ್ನ? ನಾವು ಕಾಲೇಜಿನ ಕಂಪ್ಯೂಟರ್ ಲ್ಯಾಬಿನವರು. ಈ ಡಬ್ಬಿಗೆ ಓಎಸ್ ಹಾಕೋಕೆ ಬಂದಿದೀವಿ."

"ಮತ್ತೆ ರೇಡು?"

"ಎರಡು ಡಿಸ್ಕನ್ನ ಜೋಡಿಸೋದಕ್ಕೆ ರೇಡ್ ಅಂತಾರೆ ಸರ್. ಅಷ್ಟೇ."

ಶಿವಲಿಂಗಯ್ಯನವರ ಮುಖದಲ್ಲಿ ಮೊದಲು ಬಿಡುಗಡೆಯ ನಗು ಬಂತು. ಅದರ ಹಿಂದೆಯೇ, ಒಂದು ವಾರದ ಒಬ್ಬಟ್ಟು, ಪ್ಲಂಬರು, ಬರೆದುಕೊಟ್ಟ ಕಾಗದ ಎಲ್ಲ ನೆನಪಾಗಿ ಆ ನಗು ಹೋಯಿತು. ಅವರು ಬಗ್ಗಿ, ತೆರೆದ ಟ್ರಂಕಿನ ಮುಚ್ಚಳ ಹಾಕಲು ನೋಡಿದರು. ಸಿದ್ದಮ್ಮ ಕಾಫಿಯ ತಟ್ಟೆಯನ್ನು ಪ್ರತಿಭಾ ಕೈಗೆ ಕೊಟ್ಟು, ಮುಚ್ಚಳದ ಮೇಲೆ ಕೈಯಿಟ್ಟರು.

"ನೀನು ಯಾರಾದ್ರೂ ಆಗಿರಮ್ಮ. ಅದರಲ್ಲಿ ನನ್ನ ಹೆಸರು ಯಾಕಿದೆ, ಓದಿ ಹೇಳು."

"ಸೈಟು ನಿಮ್ಮ ಹೆಸರಲ್ಲಿದೆ ಆಂಟಿ."

"ನಾನ್ಯಾವಾಗ ತಗೊಂಡೆ?"

"ಇಲ್ಲಿ ನಿಮ್ಮ ಸೈನ್ ಇದೆ."

ಸಿದ್ದಮ್ಮ ಸಹಿಯನ್ನು ಹತ್ತಿರ ಹಿಡಿದು ನೋಡಿದರು. "ಇದು ಗ್ಯಾಸ್ ಸಬ್ಸಿಡಿ ಕಾಗದ ಅಂತ ಹಾಕಿಸ್ಕೊಂಡ್ರಲ್ರೀ ನೀವು! ಅದಕ್ಕೇ ಫೋಟೋ ಯಾಕೆ, ಹೆಬ್ಬೆಟ್ಟು ಯಾಕೆ ಅಂದ್ರೆ, ಹೊಸ ರೂಲ್ಸು ಅಂದ್ರಿ!"

"ಸಿದ್ದೂ, ಮೇಲೆ ಹೋಗಿ ಮಾತಾಡೋಣ..."

"ಹನ್ನೆರಡು ವರ್ಷದಿಂದ ಕಾಶಿಗೆ ಕರ್ಕೊಂಡು ಹೋಗಿ ಅಂತ ಬಡ್ಕೊಳ್ತಿದೀನಿ. ಪೆನ್ಷನ್ನಲ್ಲಿ ಆಗಲ್ಲ ಅಂದ್ರಿ. ಅಕ್ಕಪಕ್ಕದವರೆಲ್ಲ ಹೋಗಿ ಬಂದ್ರು, ಅವರು ತಂದ್ಕೊಟ್ಟ ಗಂಗೆ ಚೊಂಬು ನಮ್ಮನೇಲಿ ಐದಿದೆ! ಇನ್ನೇನಿದೆಯಮ್ಮ ಅದರಲ್ಲಿ? ಪೂರ್ತಿ ಓದು."

ಯಶೋಧರಾ ಗಡಿಯಾರ ನೋಡಿದಳು. ನಂದೀಶನಿಗೆ ಡಬ್ಬಿ ಬಿಚ್ಚಲು ಹೇಳಿ, ಪತ್ರಗಳನ್ನು ಪ್ರತಿಭಾಗೆ ಒಪ್ಪಿಸಿದಳು. ಪ್ರತಿಭಾ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುವವಳು. ಸ್ಪಷ್ಟವಾಗಿ, ಅಲ್ಪವಿರಾಮಗಳ ಸಮೇತ ಓದಿದಳು. ಕೆಂಗೇರಿ ಮುಗಿದು ನೆಲಮಂಗಲವಾಯಿತು. ಕೊನೆಯ ಕವರಿನ ಪತ್ರವನ್ನು ಬಿಡಿಸಿ ಅವಳು ನಾಲ್ಕು ಸಾಲು ಓದಿ ನಿಲ್ಲಿಸಿದಳು.

"ಇದು ಈ ಮನೇದು," ಎಂದಳು. "ಇದೂ ನಿಮ್ಮ ಹೆಸರಲ್ಲೇ ಇದೆ ಆಂಟಿ."

ಸಿದ್ದಮ್ಮ ಸೀದಾ ಗಂಡನ ಕಡೆ ತಿರುಗಿದರು. "ಅಂದ್ರೆ ಈ ಮನೆ ನಂದಾ?"

"ಹೆಸರಿಗೆ ಮಾತ್ರ ಕಣೆ..."

"ನನ್ನ ಮನೆಯಿಂದ ಇವರನ್ನ ಬಿಡಿಸೋಕೆ ನೀವ್ಯಾರು ಹಾಗಾದ್ರೆ? ಪೀಜಿ ಕಟ್ಟಿಸ್ತಾರಂತೆ ಪೀಜಿ! ಈ ವಯಸ್ಸಲ್ಲಿ ನಾನು ನಲವತ್ತು ಹುಡುಗೀರಿಗೆ ಉಪ್ಪಿಟ್ಟು ಕೆದಕ್ಬೇಕಾ? ಪ್ರತಿಭಾ, ನೀವೆಲ್ಲೂ ಹೋಗಲ್ಲ. ವಿಶಾಲಮ್ಮೋರೇ, ನೀವು ಕೂತ್ಕೊಳ್ಳಿ." ಟ್ರಂಕಿನ ಮುಚ್ಚಳ ತಾವೇ ಹಾಕಿ, ಅದರ ಮೇಲೆ ವಿಶಾಲಮ್ಮನನ್ನು ಕೂರಿಸಿ, ಪಕ್ಕದಲ್ಲಿ ತಾವೂ ಕೂತರು. ಶಿವಲಿಂಗಯ್ಯನವರು ಬರೆದುಕೊಟ್ಟ ಕಾಗದ ಈಗ ಬೇಕಾಗಿಯೇ ಇರಲಿಲ್ಲ.

ಅರ್ಧ ಗಂಟೆ ಸಿದ್ದಮ್ಮ ಮಾತಾಡಿದರು. ಮಧ್ಯೆ ಮಧ್ಯೆ ವಿಶಾಲಮ್ಮ ಹೂಂ ಎಂದರು. ಈ ಗದ್ದಲದಲ್ಲಿ ವೇಣುಗೋಪಾಲ್ ಯಾವ ಕಡೆ ನಿಲ್ಲಬೇಕೆಂದು ತಿಳಿಯದೆ ಕಿಟಕಿಯ ಬಳಿ ನಿಂತಿದ್ದ. ಕೊನೆಗೆ ಬಿಡುವು ಸಿಕ್ಕಿತೆಂದು ನೋಟ್‌ಬುಕ್ಕುಗಳನ್ನು ಎತ್ತಿಕೊಂಡು ಮೇಜಿನ ಹತ್ತಿರ ಬಂದ.

"ಮೇಡಂ, ನನ್ನ ಪ್ರಕಾರ ಮೂರು ಉಳ್ಕೊಂಡಿದೆ. ಅದರಲ್ಲಿ ಯಾವುದು ಅಂತ..."

"ಹಾಕಿ ಆಯ್ತು ಸರ್," ಎಂದಳು ಯಶೋಧರಾ, ವೈರು ಸುತ್ತುತ್ತ. "ಎರಡೂ ಡಿಸ್ಕು ಜೋಡಿಸಿದೀನಿ. ಅಮ್ಮನ ಹಾಡೆಲ್ಲ ಕಾಪಿ ಆಗಿದೆ, ಟೀವೀಲೂ ಬರುತ್ತೆ. ಒಂದು ಪೆನ್‌ಡ್ರೈವಲ್ಲೂ ಬೇರೆ ಹಾಕಿದೀನಿ, ಅದನ್ನ ನಿಮ್ಮ ಹತ್ರ ಕೊಡಲ್ಲ, ಪ್ರತಿಭಾ ಅವರಿಗೆ ಕೊಟ್ಟಿದೀನಿ."

"ಹಾಕಿ ಆಯ್ತಾ! ಯಾವುದು ಹಾಕಿದ್ರಿ?"

"ಹೇಳಲ್ಲ ಸರ್."

"ಯಾಕೆ ಮೇಡಂ?"

"ಹೇಳಿದ್ರೆ ನೀವು ಯಾರನ್ನಾದ್ರೂ ಕೇಳ್ತೀರಿ," ಎಂದು ಅವಳು ಚೀಲ ಹೆಗಲಿಗೇರಿಸಿ, ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಪರೀಕ್ಷೆಯ ಡ್ಯೂಟಿಗೆ ಹೊರಟುಹೋದಳು.

ವೇಣುಗೋಪಾಲ್ ಡಬ್ಬಿಯ ಮುಂದೆ ಬಹಳ ಹೊತ್ತು ಕೂತಿದ್ದ. ಹಸಿರು ದೀಪ ಮಿನುಗುತ್ತಿತ್ತು. ಅದರ ಹೆಸರೇನೆಂದು ಅದೂ ಹೇಳಲಿಲ್ಲ.

ಮರುದಿನ ಸಂಜೆ ಸಿದ್ದಮ್ಮ ಎಲ್ಲ ಪತ್ರಗಳನ್ನೂ ತಂದು, ಎರಡೆರಡು ಕಡೆ ಉಳಿಯುತ್ತದಂತಲ್ಲ, ಇವನ್ನೂ ಅದರೊಳಗೆ ಹಾಕಿ ಎಂದರು. ವೇಣುಗೋಪಾಲ್ ಒಂದೊಂದಾಗಿ ಫೋಟೋ ತೆಗೆದು, ಅವರ ಹೆಸರಿನಲ್ಲಿ ಬೇರೆ ಜಾಗ ಮಾಡಿ ಹಾಕಿಕೊಟ್ಟ. ಅದಕ್ಕೊಂದು ಪಾಸ್‌ವರ್ಡ್ ಬೇಕು ಎಂದಾಗ, ಸಿದ್ದಮ್ಮ ಅವನ ಮುಖವನ್ನು ಗೋಡೆಯ ಕಡೆ ತಿರುಗಿಸಿ, ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಆಮೇಲೆ ಕಾಶಿಯ ಟಿಕೆಟ್ಟು ವಿಚಾರಿಸಲು ವಿಶಾಲಮ್ಮನನ್ನೂ ಕರೆದುಕೊಂಡು ಗಾಂಧಿ ಬಜಾರಿಗೆ ಹೋದರು.

ಅವರು ತಿರುವಿನಲ್ಲಿ ಮರೆಯಾದ ಮೇಲೆ ಶಿವಲಿಂಗಯ್ಯನವರು ಮೆಲ್ಲಗೆ ಮೆಟ್ಟಿಲಿಳಿದು ಬಂದರು.

"ರೀ ವೇಣುಗೋಪಾಲ್, ಏನು ಹಾಕಿದ್ಲು ಪಾಸ್‌ವರ್ಡು?"

"ನಾನು ನೋಡಿಲ್ಲ ಸಾರ್, ದೇವರಾಣೆ."

"ನನ್ನ ಹೆಸರಿರಬಹುದಾ?"

"ಈಗಿನ ಪರಿಸ್ಥಿತೀಲಿ ಕಷ್ಟ ಸಾರ್."

ಶಿವಲಿಂಗಯ್ಯನವರು ಹೊಸ್ತಿಲ ಪಕ್ಕ ಕೂತು ಯೋಚಿಸಿದರು. ಸ್ವಲ್ಪ ಹೊತ್ತಿಗೆ ಅವರ ಮುಖ ಅರಳಿತು. "ಮದುವೆ ತಾರೀಖು ಹಾಕಿರ್ತಾಳೆ ಕಣ್ರಿ! ಹೆಂಗಸರು ಅದನ್ನೇ ಹಾಕೋದು."

"ಇರಬಹುದು ಸಾರ್. ಯಾವತ್ತು ನಿಮ್ಮ ಮದುವೆ?"

ಶಿವಲಿಂಗಯ್ಯನವರು ಬೆರಳು ಮಡಿಸಿ ಎಣಿಸಿದರು, ಬಿಟ್ಟರು. ಬೀದಿಯಲ್ಲಿ ಸೊಪ್ಪಿನ ಗಾಡಿಯವನು ಕೂಗಿಕೊಂಡು ಬಂದ, ನಿಂತ, ಯಾರೂ ಬರಲಿಲ್ಲವೆಂದು ಹೊರಟೂ ಹೋದ.

"ಅವತ್ತು ಮಳೆ ಇರಲಿಲ್ಲ," ಎಂದರು ಕೊನೆಗೆ. "ಅದು ಮಾತ್ರ ಗ್ಯಾರಂಟಿ."